ನೇರವಾಗಿ ಮಾತ್ರ ಹೋಗುವ ಟ್ರಕ್ಕು

ತಗಡಿನ ವಿಷಯದಲ್ಲಿ ನನಗೆ ಯಾರೂ ಮೋಸ ಮಾಡಲಾರರು ಎಂದು ನಂಬಿದ್ದೆ. ಡಬ್ಬಿ, ಬಕೀಟು, ಒಲೆಯ ಮುಚ್ಚಳ, ಯಾವುದನ್ನೇ ಆಗಲಿ ಬೆರಳಗಂಟಿನಿಂದ ಬಡಿದು, ಸದ್ದು ಕೇಳಿ, ಆಮೇಲೆಯೇ ಕೊಂಡವಳು ನಾನು. ಓದಿದ್ದು ಮೂರನೇ ಕ್ಲಾಸು. ಅನುಮಾನಪಡುವುದಕ್ಕೆ ಅಷ್ಟು ಸಾಕು.

ನನ್ನ ಅಳಿಯ ಗಿರೀಶ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಒಂದು ಸಂಸ್ಥೆಯಲ್ಲಿ ವಿಜ್ಞಾನಿ. ಆಕಾಶಕ್ಕೆ ಹಾರುವ ವಸ್ತುಗಳ ಲೆಕ್ಕ ಮಾಡುವುದು ಅವನ ಕೆಲಸ. ನೆಲದ ಮೇಲೆ ಓಡುವ ವಸ್ತುಗಳ ಲೆಕ್ಕ ಅವನಿಗೆ ಬರುವುದಿಲ್ಲ ಎಂದು ನನಗೆ ಗೊತ್ತಾಗಿದ್ದು, ಕೊಚ್ಚಿಗೆ ಆಫೀಸು ಕೆಲಸದ ಮೇಲೆ ಹೋದವನು ವಾಪಸ್ಸು ಬರುವಾಗ ರೈಲಿನ ಬದಲು ಒಂದು ಟ್ರಕ್ಕಿನಲ್ಲಿ ಬಂದ ದಿನ. ಏಲೂರಿನ ಕಡೆ ಯಾವುದೋ ಕಾರ್ಖಾನೆಯ ಅಂಗಳದಲ್ಲಿ ವರ್ಷಗಟ್ಟಲೆ ನಿಂತಿದ್ದನ್ನು ಹರಾಜಿನಲ್ಲಿ ಹಿಡಿದನಂತೆ. ಜೀಪಿಗಿಂತ ದೊಡ್ಡದು, ಲಾರಿಗಿಂತ ಚಿಕ್ಕದು, ಬಣ್ಣ ಹಳಸಿದ ಸೊಪ್ಪಿನ ಸಾರಿನದು.

"ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುತ್ತೆ ಅತ್ತೆ. ರಸ್ತೆ ಇಲ್ಲದ ಕಡೆಯೂ ಹೋಗಬಹುದು" ಅಂದ.

"ರಸ್ತೆ ಇಲ್ಲದ ಕಡೆ ನಮಗೇನಪ್ಪ ಕೆಲಸ?"

ಅವನು ಯಾವುದೋ ಪರದೇಶದ ಪತ್ರಿಕೆ ತೆಗೆದು ಒಂದು ಚಿತ್ರ ತೋರಿಸಿದ. ಅದರಲ್ಲಿದ್ದ ಟ್ರಕ್ಕಿಗೆ ಬಾವಿಕಟ್ಟೆಯಷ್ಟು ದಪ್ಪದ ಚಕ್ರಗಳು. ನಮ್ಮದಕ್ಕೂ ಅಂಥವೇ ಹಾಕುತ್ತಾನಂತೆ. ಹಳೆಯ ಟೈರುಗಳನ್ನು ಆಗಲೇ ಯಾರಿಗೋ ಕೊಟ್ಟು ದೊಡ್ಡವನ್ನು ತಂದದ್ದೂ ಆಯಿತು. ಹಾಕಲು ಹೋದರೆ ಮಡ್ಗಾರ್ಡಿನ ಒಳಗೆ ಹಿಡಿಸಲಿಲ್ಲ. ಟ್ರಕ್ಕು ಜಂಬಿಟ್ಟಿಗೆ ಕಲ್ಲಿನ ಮೇಲೆ, ಮೊಣಕಾಲಿಲ್ಲದ ಎಮ್ಮೆಯ ಹಾಗೆ ಅಂಗಳದಲ್ಲಿ ಕೂತುಬಿಟ್ಟಿತು.

ಅಂಗಳ ನಮ್ಮದಲ್ಲ. ಮನೆ ಒಡತಿ ಸರೋಜಿನಿಯಮ್ಮನದು. ಆಕೆ ಮುಂದಿನ ಮನೆಯಲ್ಲಿ, ನಾವು ಹಿಂದಿನದರಲ್ಲಿ. ಆಕೆಯ ಮಗಳಿಗೆ ಮದುವೆ ಗೊತ್ತಾಗಿತ್ತು. ಚಪ್ಪರ ಹಾಕುವುದು ಅದೇ ಅಂಗಳದಲ್ಲಿ. ಒಂದು ಬೆಳಿಗ್ಗೆ ಬಂದು ಟ್ರಕ್ಕನ್ನು ಸುತ್ತಿ ನೋಡಿ, ಗಿರೀಶನಿಗೆ ಮೆಲ್ಲಗೆ ಹೇಳಿದಳು: "ಮೋನೇ, ಪಂದಲಿನು ಮುಂಬು ವಂಡಿ ಪೋಣಂ. ಇಲ್ಲೆಂಗಿಲ್ ನಿಙ್ಙಳ್ ಪೋಣಂ."

ಇದಕ್ಕೆ ಅನುವಾದ ಬೇಕಾಗಲಿಲ್ಲ. ಚಪ್ಪರಕ್ಕೆ ಮುಂಚೆ ಗಾಡಿ ಹೋಗಬೇಕು, ಇಲ್ಲವೇ ನಾವು ಹೋಗಬೇಕು.

ಮೊದಲು ಕೊಚ್ಚಿಯಲ್ಲಿದ್ದಾಗ ಮಹಡಿ ಮೇಲಿನ ಎರಡು ಕೋಣೆಯಲ್ಲಿ, ಒಗೆದ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಒಣಗಿಸಿದವಳು ನಾನು. ಇಲ್ಲಿ ಬಾವಿ ಇದೆ, ಒಗೆಯುವ ಕಲ್ಲಿದೆ, ಬಿಸಿಲಿದೆ. ಆರು ಗಜದ ಸೀರೆ ಆರು ಗಜವೂ ಒಣಗುತ್ತದೆ. ಅಳಿಯನ ಹುಚ್ಚಿಗೆ ಈ ಮನೆ ಬಿಡುವುದೆಂದರೆ ಏನು? ಟ್ರಕ್ಕನ್ನು ಹೊರಗೆ ಹಾಕಿಸುವ ಕೆಲಸವನ್ನು ನಾನೇ ಮೇಲೆ ನಿಂತು ಮಾಡಿಸುವುದೆಂದು ತೀರ್ಮಾನಿಸಿದೆ. ಯಾರೂ ಕೇಳಿರಲಿಲ್ಲ.

ಮಡ್ಗಾರ್ಡು ಕತ್ತರಿಸಲು ಶಶಿ ಎನ್ನುವ ವೆಲ್ಡಿಂಗ್ ಮೇಸ್ತಿರಿ ಬಂದ. ಬಾಯಿ ಜಾಸ್ತಿ, ಎಣ್ಣೆ ಹಚ್ಚಿದ ಕ್ರಾಪು ಇನ್ನೂ ಜಾಸ್ತಿ. ನಾನು ಟ್ರಕ್ಕಿಗೆ ಬೆನ್ನು ಮಾಡಿ ಮೆಣಸಿನಕಾಯಿ ಹರವುತ್ತಿದ್ದೆ. ಅವನು ನನ್ನ ಎದುರಿಗೆ ನಿಂತು, ನನ್ನ ತಲೆಯ ಕಡೆಗೇ ಬೆರಳು ಮಾಡಿ, "ತುರುಂಬುಂಡ್. ಮುರಿಕ್ಕಣಂ" ಅಂದ.

ಕೇರಳದಲ್ಲಿ ಇಷ್ಟು ವರ್ಷ ಇದ್ದು ನಾನು ಕಲಿತ ಮಲಯಾಳ ಮೂರು ಮಾತು: ಎತ್ರ, ವೇಂಡ, ಮತಿ. ಎಷ್ಟು, ಬೇಡ, ಸಾಕು. ಸಂತೆಗೆ ಸಾಕಾಗಿತ್ತು. ಇದು ಸಂತೆಯ ಮಾತಲ್ಲ. ನನ್ನ ಕಿವಿಗೆ ಬಿದ್ದದ್ದು ತುರುಬು, ಅದನ್ನು ಮುರಿಯಬೇಕು ಅಂತ. ಎರಡೂ ಕೈಯಲ್ಲಿ ತುರುಬು ಹಿಡಿದುಕೊಂಡು ಎದ್ದು ನಿಂತೆ.

"ನನ್ನ ತುರುಬಿನ ತಂಟೆಗೆ ಬಂದ್ಯೋ, ನಿನ್ನ ಕೈ ಮುರೀತೀನಿ."

ಮೇಸ್ತಿರಿ ಎರಡು ಹೆಜ್ಜೆ ಹಿಂದಕ್ಕೆ ಹೋದ. ಮೊಮ್ಮಗಳು ಪವಿತ್ರ ನಗುತ್ತಾ ಮೆಟ್ಟಿಲ ಮೇಲೆ ಕುಸಿದಳು. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿ; ಅವತ್ತು ಮಾತ್ರ ಕನ್ನಡ ನೀರಿನ ಹಾಗೆ ಬಂತು. "ಅಜ್ಜೀ, ತುರುಂಬು ಅಂದ್ರೆ ತುಕ್ಕು. ಮುರಿಕ್ಕಣಂ ಅಂದ್ರೆ ಕತ್ತರಿಸಬೇಕು. ಗಾಡಿ ತುಕ್ಕು ಹಿಡಿದಿದೆ ಅಂತಿದಾರೆ. ನೀನಲ್ಲ."

ಅವಮಾನವಾದ ಮೇಲೆ ಮನುಷ್ಯನಿಗೆ ಕಣ್ಣು ಚುರುಕಾಗುತ್ತದೆ. ಆ ದಿನದಿಂದ ನಾನು ಶಶಿಯನ್ನು ಬಿಡಲಿಲ್ಲ. ಸಂಜೆ ಅವನು ಹಿಂದಿನ ಮಡ್ಗಾರ್ಡುಗಳಿಂದ ಕತ್ತರಿಸಿದ ತುಕ್ಕು ತುಂಡುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟ.

"ಅದೆಲ್ಲಿಗೆ?" ಎಂದು ತಗಡಿನ ಕಡೆ ಕೈ ತೋರಿಸಿದೆ.

"ಕೋಳಿಕ್ಕೂಡು, ಅಮ್ಮೂಮ್ಮೇ."

ಅಮ್ಮೂಮ್ಮ ಅಂದರೆ ಅಜ್ಜಿ, ನಾನು. ಕೋಳಿ ಗೂಡಿಗಂತೆ. ಗಿರೀಶನೇ ಕೊಟ್ಟನಂತೆ. ಇವತ್ತು ಕೋಳಿಗೆ ಕೊಟ್ಟರೆ ನಾಳೆ ತನ್ನ ಮನೆಯ ಸೂರಿಗೂ ಇದೇ ಟ್ರಕ್ಕನ್ನು ಕತ್ತರಿಸುತ್ತಾನೆ ಎಂದು ಮಗಳು ನಾಗರತ್ನಳಿಗೆ ಹೇಳಿದೆ.

"ಅಮ್ಮಾ, ನಿನಗೆ ಹಾಲಿನವನ ಮೇಲೂ ಅನುಮಾನ, ಪೋಸ್ಟಿನವನ ಮೇಲೂ ಅನುಮಾನ" ಅಂದಳು.

"ಹಾಲಿನವನು ನೀರು ಹಾಕ್ತಿದ್ದನೋ ಇಲ್ಲವೋ?"

"ಪೋಸ್ಟಿನವನು ಕಾಗದಕ್ಕೆ ನೀರು ಹಾಕ್ತಾನಾ?"

ಇಂಥವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ.

ಮರುದಿನ ಗಿರೀಶ ಕಾಗದದ ಮೇಲೆ ಏನೇನೋ ಬರೆದು, ಅಳೆದು, ಮುಂದಿನ ಎರಡೂ ಮಡ್ಗಾರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಕಮಾನಿನ ಗೆರೆ ಎಳೆದು ಆಫೀಸಿಗೆ ಹೋದ. ಅಂಚಿನಿಂದ ನಾಲ್ಕು ಬೆರಳು ಮೇಲಕ್ಕೆ. ಶಶಿ ದೂರದಿಂದಲೇ ಅದನ್ನು ನೋಡಿ ಶಿಳ್ಳೆ ಹಾಕಿದ. ಶಿಳ್ಳೆ ಯಾಕೆ? ಆಮೇಲೆ ಚಹಾ ಕುಡಿಯಲು ಬೀದಿ ತುದಿಯ ಅಂಗಡಿಗೆ ಹೋದ.

ನಾನು ಹೋಗಿ ಬೆರಳಗಂಟಿನಿಂದ ತಗಡು ಬಡಿದೆ. ಟಣ್ ಎಂದಿತು. ತುಕ್ಕೂ ಇಲ್ಲ, ತುರುಬೂ ಇಲ್ಲ, ಗಟ್ಟಿ ತಗಡು. ಗಟ್ಟಿ ತಗಡನ್ನು ನಾಲ್ಕು ಬೆರಳು ಕತ್ತರಿಸುವುದೆಂದರೆ ಹೊಸ ಸೀರೆಯ ಸೆರಗು ಕತ್ತರಿಸಿದ ಹಾಗೆ. ವಿಜ್ಞಾನಿಯ ಕಿವಿಯಲ್ಲಿ ಮೇಸ್ತಿರಿ ಏನೋ ಊದಿ ಅಷ್ಟಗಲ ಗೆರೆ ಹಾಕಿಸಿದ್ದಾನೆ, ಅವನ ಕೋಳಿಗಳಿಗೆ ಬಂಗಲೆಯೇ ಆಗುತ್ತದೆ, ಎನ್ನುವುದು ನನಗೆ ಕನ್ನಡಿಯಷ್ಟು ಸ್ಪಷ್ಟವಾಯಿತು. ಒದ್ದೆ ಬಟ್ಟೆ ತಂದೆ. ಗೆರೆ ಒರೆಸಿದೆ. ಅದೇ ಸೀಮೆಸುಣ್ಣದಲ್ಲಿ ಅಂಚಿನಿಂದ ಎರಡೇ ಬೆರಳು ಬಿಟ್ಟು ಹೊಸ ಗೆರೆ ಎಳೆದೆ. ವರ್ಷಗಟ್ಟಲೆ ಬಾಗಿಲ ಮುಂದೆ ರಂಗೋಲಿ ಹಾಕಿದ ಕೈ. ಅಳಿಯನ ಗೆರೆಗಿಂತ ನನ್ನದು ಎಷ್ಟೋ ಅಂದವಾಗಿತ್ತು.

ಶಶಿ ಬಂದು ಗೆರೆಯ ಮೇಲೆಯೇ ಕತ್ತರಿಸಿದ. ಕೆಳಗೆ ಬಿದ್ದದ್ದು ಎರಡು ಸಣ್ಣ ಪಟ್ಟಿ. ಕೋಳಿ ಕೂರುವುದಿರಲಿ, ಮೊಟ್ಟೆ ಇಡಲೂ ಸಾಲದು. ನಾನು ಒಳಗೆ ಹೋಗಿ ತೃಪ್ತಿಯಿಂದ ಎಲೆ ಅಡಿಕೆ ಹಾಕಿಕೊಂಡೆ.

ಸಂಜೆ ಗಿರೀಶ ಚಕ್ರ ಹಾಕಿದ. ಹಿಡಿಸಿತು. ಬಗ್ಗಿ ನೋಡಿ, "ಜಾಗ ಸ್ವಲ್ಪ ಕಡಿಮೆ ಅನ್ನಿಸ್ತಿದೆಯಲ್ಲ" ಅಂದ.

"ಸೆಖೆಗೆ ಟೈರು ಊದಿರಬೇಕು" ಅಂದೆ.

ವಿಜ್ಞಾನಿ ತಲೆ ಆಡಿಸಿದ. ಅಂಗಳದಲ್ಲಿ ನಾಲ್ಕು ಮಾರು ಮುಂದೆ ಓಡಿಸಿದ, ನಾಲ್ಕು ಮಾರು ಹಿಂದೆ ಓಡಿಸಿದ. ಎಲ್ಲ ಸರಿಯಿತ್ತು. ನೇರ ಹೋಗುವವರೆಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಚಪ್ಪರದ ಸಾಮಾನು ಬರುವ ಬೆಳಿಗ್ಗೆ ಟ್ರಕ್ಕು ಹೊರಟಿತು. ಅದನ್ನು ಸಹೋದ್ಯೋಗಿಯೊಬ್ಬನ ಮನೆಯ ಖಾಲಿ ಜಾಗದಲ್ಲಿ ನಿಲ್ಲಿಸುವುದೆಂದು ಏರ್ಪಾಡು. ನಮ್ಮ ಗೇಟು ಇಕ್ಕಟ್ಟಿನ ಓಣಿಗೆ ತೆರೆಯುತ್ತದೆ. ಎದುರಿಗೆ, ಮದುವೆಗೆಂದು ಹೊಸದಾಗಿ ಸುಣ್ಣ ಬಳಿಸಿದ ಗೋಡೆ, ಅದೂ ಸರೋಜಿನಿಯಮ್ಮನದೇ. ಗೇಟು ದಾಟಿದ ಕೂಡಲೇ ಎಡಕ್ಕೆ ತಿರುಗಬೇಕು. ಗಿರೀಶ ಸ್ಟೇರಿಂಗು ತಿರುಗಿಸಿದ. ಕರ್ರ್ ಎಂದಿತು. ಟೈರು ಹೋಗಿ ತಗಡಿಗೆ ಕಚ್ಚಿಕೊಂಡಿತು. ಬಲಕ್ಕೆ ತಿರುಗಿಸಿದ. ಆ ಕಡೆಯೂ ಕರ್ರ್. ಟ್ರಕ್ಕು ನೇರ ಹೋಗಿ ಗೋಡೆಗೆ ಮೂಗು ತಾಗಿಸಿ, ಓಣಿಗೆ ಅಡ್ಡವಾಗಿ ನಿಂತಿತು. ಎಳೆದ ಟೈರಿನ ರಬ್ಬರು ಸೀಳಿ ತಗಡಿನ ಅಂಚಿಗೆ ಸಿಕ್ಕಿಕೊಂಡು, ಹಿಂದಕ್ಕೂ ಬರಲಿಲ್ಲ.

ಅಷ್ಟರಲ್ಲಿ ಬಿದಿರು, ಸೋಗೆ, ಕುರ್ಚಿ ಹೇರಿಕೊಂಡ ಲಾರಿ ಬಂದು ಹಾರ್ನ್ ಒತ್ತತೊಡಗಿತು. ಸರೋಜಿನಿಯಮ್ಮ ಹೊರಗೆ ಬಂದಳು. ಗೋಡೆ ನೋಡಿದಳು, ಲಾರಿ ನೋಡಿದಳು, ಗಿರೀಶನನ್ನು ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಶಶಿಯನ್ನು ಕರೆಸಿದರು. ಗಿರೀಶ ಅಳತೆ ಹಿಡಿದು, ಎರಡು ಬೆರಳು ಕಡಿಮೆ ಕತ್ತರಿಸಿದ್ದೀಯ, ಕಣ್ಣು ಎಲ್ಲಿತ್ತು ಅಂದ. ಶಶಿ ಎದೆ ತಟ್ಟಿಕೊಂಡ. "ಸಾರ್ ವರಚ್ಚ ವರಯಿಲ್ ತನ್ನೆ." ಸಾರ್ ಎಳೆದ ಗೆರೆಯಲ್ಲೇ ಅಂತ ಪವಿತ್ರ ನನಗೆ ಹೇಳಿದಳು. ಕಳ್ಳ ಅಂದರೂ ಸಹಿಸೇನು, ಕೈ ಸರಿಯಿಲ್ಲ ಅಂದರೆ ಸಹಿಸಲಾರೆ ಎಂದು ಗ್ಯಾಸಿನ ಸಿಲಿಂಡರು ಸೈಕಲ್ಲಿಗೆ ಕಟ್ಟತೊಡಗಿದ. ಅವನು ಹೋದರೆ ಟ್ರಕ್ಕು ಅಲ್ಲೇ. ಟ್ರಕ್ಕು ಅಲ್ಲೇ ಇದ್ದರೆ ಚಪ್ಪರವಿಲ್ಲ. ಚಪ್ಪರವಿಲ್ಲದಿದ್ದರೆ ನಮ್ಮ ಗಂಟು ಮೂಟೆ.

ಇಷ್ಟಾದರೂ ಒಬ್ಬರಾದರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಊರನ್ನೆಲ್ಲ ಅನುಮಾನಿಸಿದವಳ ಮೇಲೆ ಯಾರಿಗೂ ಅನುಮಾನವೇ ಇಲ್ಲ. ಸ್ವಲ್ಪ ಬೇಜಾರೂ ಆಯಿತು.

ನ್ಯಾಯಕ್ಕಾಗಿ ನಾನು ಬಾಯಿ ತೆರೆಯಲಿಲ್ಲ. ಬಾವಿಗಾಗಿ, ಒಗೆಯುವ ಕಲ್ಲಿಗಾಗಿ ತೆರೆದೆ.

"ಅವನದೇನೂ ತಪ್ಪಿಲ್ಲ. ಗೆರೆ ಒರೆಸಿ ಬೇರೆ ಎಳೆದದ್ದು ನಾನು."

ನಾಗರತ್ನ ನನ್ನ ತೋಳು ಹಿಡಿದಳು. "ಅಮ್ಮಾ, ಬೇರೆಯವರ ತಪ್ಪನ್ನ ನಿನ್ನ ತಲೆ ಮೇಲೆ ಯಾಕೆ ಹೊತ್ಕೋತೀಯ?"

"ಹೊತ್ಕೊಳ್ಳೋದೇನು ಬಂತು, ನಾನೇ ಮಾಡಿದ್ದು. ಇಗೋ ಬಟ್ಟೆ." ಸೀಮೆಸುಣ್ಣ ಹತ್ತಿದ ಬಟ್ಟೆ ತಂದು ತೋರಿಸಿದೆ.

"ಅದು ಹೊಸಿಲು ಒರೆಸೋ ಬಟ್ಟೆ. ರಂಗೋಲಿ ಪುಡಿ ಅದು."

ಗಿರೀಶನೂ ಮೆತ್ತಗಾಗಿ, "ಬಿಡಿ ಅತ್ತೆ, ಬಡವನನ್ನ ಉಳಿಸೋಕೆ ನೀವು ಸುಳ್ಳು ಹೇಳಬೇಕಾಗಿಲ್ಲ" ಅಂದ.

ಪವಿತ್ರ ಇದೆಲ್ಲವನ್ನೂ ಸರೋಜಿನಿಯಮ್ಮನಿಗೆ ಮಲಯಾಳದಲ್ಲಿ ಹೇಳಿದಳು. ಏನು ಹೇಳಿದಳೋ, ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾವಂ ಅಮ್ಮೂಮ್ಮ" ಅಂದಳು. ಪಾಪದ ಅಜ್ಜಿ ಅಂತ. ನನ್ನನ್ನು ಆ ಮಾತಿನಿಂದ ಕರೆದವರು ಹುಟ್ಟಿದಾರಭ್ಯ ಯಾರೂ ಇಲ್ಲ. ಶಶಿ ಸಿಲಿಂಡರು ಇಳಿಸಿದ. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಓಣಿಯಲ್ಲೇ ಕೂತು, ಉಳಿದ ಎರಡು ಬೆರಳು ತಗಡು ಕತ್ತರಿಸಿದ. ಕೂಲಿಯನ್ನೂ ಮುಟ್ಟಲಿಲ್ಲ. ಟ್ರಕ್ಕು ಎಡಕ್ಕೆ ತಿರುಗಿತು. ಲಾರಿ ಒಳಗೆ ಬಂತು. ಇಂಥ ಮನಸ್ಸಿರುವವರನ್ನು ಹೊರಗೆ ಹಾಕಿದರೆ ಮಗಳಿಗೆ ಒಳ್ಳೆಯದಾಗುವುದಿಲ್ಲ ಎಂದು ಸರೋಜಿನಿಯಮ್ಮ ಎಲ್ಲರ ಮುಂದೆ ಹೇಳಿದಳು. ಮನೆ ಉಳಿಯಿತು.

ಮದುವೆ ಊಟದಲ್ಲಿ ನನ್ನನ್ನು ಹೆಣ್ಣಿನ ಕಡೆಯ ಹಿರಿಯರ ಸಾಲಿನಲ್ಲಿ ಕೂರಿಸಿದರು. ಯಾರ್ಯಾರೋ ಬಂದು ನನ್ನ ಮುಖ ನೋಡಿ ಪಾವಂ ಅಂದು ಹೋದರು. ಗಿರೀಶ ಪಕ್ಕದ ಎಲೆಯಿಂದ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದ: "ಅತ್ತೆ, ಲೆಕ್ಕ ಮತ್ತೆ ನೋಡಿದೆ. ತಪ್ಪು ನನ್ನದೇ ಇರಬೇಕು. ಆ ಗೆರೆ ಎಳೆದವನಿಗೆ ಎಳ್ಳಷ್ಟೂ ಬುದ್ಧಿ ಇರಲಿಲ್ಲ. ನೀವಾಗಿದ್ದರೆ ಹಾಗೆ ಎಳೀತಿರಲಿಲ್ಲ."

ಬುದ್ಧಿ ಇರಲಿಲ್ಲ ಅಂದದ್ದಕ್ಕೆ ಕೋಪ ಬಂತು, ಕೊನೆಯ ಮಾತಿಗೆ ನಾಚಿಕೆಯಾಯಿತು. ಎರಡನ್ನೂ ಪಾಯಸದ ಜೊತೆ ನುಂಗಿದೆ.

ಪಾಯಸಕ್ಕೆ ಬೆಲ್ಲ ಕಡಿಮೆಯಿತ್ತು. ಕೈ ತೊಳೆಯುವ ನೆಪ ಮಾಡಿ, ಉಳಿದ ಬೆಲ್ಲ ಅಡುಗೆಯವನ ಚೀಲದಲ್ಲಿದೆಯೋ ಎಂದು ನೋಡಿ ಬಂದೆ.