ಆಮೆ ನೋಡಲು ಹೋದ ಅಳಿಯ

ಮಾವನ ಮನೆಯಲ್ಲಿ ಮರ್ಯಾದೆ ಉಳಿಯಬೇಕಾದರೆ ಅಳಿಯನಾದವನಿಗೆ ಏನಾದರೊಂದು ವಿದ್ಯೆ ಇರಬೇಕು. ನನಗಿದ್ದದ್ದು ಈಜು ಒಂದೇ. ಕಲಬುರಗಿಯ ಶಹಾಬಜಾರದ ಓಣಿಯಲ್ಲಿ ಬೆಳೆದ ನಾನು ಅದನ್ನು ಕಲಿತದ್ದೂ ಮದುವೆಯಾದ ಮೇಲೆಯೇ, ಕಮಲಾಪುರದಲ್ಲಿರುವ ಮಾವನವರ ಹೊಲದ ಬಾವಿಯಲ್ಲಿ. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಅವರೇ ಕಲಿಸಿದರು. ಡಬ್ಬಿ ಬಿಚ್ಚಿದ ದಿನ ಅತ್ತೆಯವರು ಹೋಳಿಗೆ ಮಾಡಿದ್ದರು. ಅಂದಿನಿಂದ ಮನೆಗೆ ಬಂದವರಿಗೆಲ್ಲ, "ನಮ್ಮ ಅಳಿಯಾರು ಭಾಳ ಚಲೋ ಈಸ್ತಾರ್ರೀ" ಎಂದೇ ನನ್ನ ಪರಿಚಯ. ನನ್ನ ನೌಕರಿಯ ವಿಷಯವನ್ನು ಅವರು ಯಾರಿಗೂ ಹೇಳಿದ್ದು ನಾನು ಕೇಳಿಲ್ಲ.

ಆ ಧೈರ್ಯದಲ್ಲೇ ಹೆಂಡತಿ ಶಾಂತಾಳೊಡನೆ ಮಾರಿಷಸ್ಸಿಗೆ ಹೊರಟೆ. "ಸಮುದ್ರದಾಗಿನ ಆಮಿ ನೋಡಿ ಬಂದು ನಮಗ ಹೇಳ್ರಿ ಅಳಿಯಾರ" ಎಂದು ಅತ್ತೆಯವರು ಅಪ್ಪಣೆ ಮಾಡಿದ್ದರು. ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪವದು. ಬೆಳಿಗ್ಗೆ ಒಂದು ಉದ್ಯಾನದಲ್ಲಿ ಬಂದವರೆಲ್ಲರೊಡನೆ ಕಟ್ಟೆಯ ಮೇಲೆ ಸಾಲಾಗಿ ನಿಂತು, ಕರುವಿನಷ್ಟು ದೊಡ್ಡ ನೆಲದ ಆಮೆಗಳು ನಾವು ಒಗೆದ ಸೊಪ್ಪು ತಿನ್ನುವುದನ್ನು ನೋಡಿದೆವು. ಗೈಡು ಕರಿಕಲ್ಲು ತೋರಿಸಿ ಇದೆಲ್ಲ ಲಾವಾ ಎಂದ. ಶಾಂತಾ ನನ್ನ ಕಡೆ ತಿರುಗಿ, "ನಮ್ಮ ಬಾವಿ ಕಲ್ಲೂ ಹಿಂಗೇ ಅದಲ್ರೀ. ಇದಕ್ಕ ವಿಮಾನ ಹತ್ತಬೇಕಿತ್ತೇನು?" ಎಂದಳು.

ಮಧ್ಯಾಹ್ನ ದೋಣಿಯಲ್ಲಿ ಹೋಗಿ, ನೀರೊಳಗೆ ಮುಖವಿಟ್ಟು ತೇಲುತ್ತ ಮೀನು, ಆಮೆ ನೋಡುವ ಸ್ನಾರ್ಕೆಲಿಂಗ್. ಈಜು ಬಾರದ ಶಾಂತಾ ಲೈಫ್ ಜಾಕೆಟ್ ತೊಟ್ಟು, ಗೈಡಿನ ಕೈ ಹಿಡಿದು ಇಳಿದಳು. ನಾನು ಜಾಕೆಟ್ಟನ್ನು ನಗುತ್ತಲೇ ಬೇಡವೆಂದು, ಮುಖಕ್ಕೆ ಕನ್ನಡಕ, ಬಾಯಿಗೆ ಕೊಳವೆ ಸಿಕ್ಕಿಸಿಕೊಂಡು ಧುಮುಕಿದೆ. ನೀರಲ್ಲಿ ಹಳದಿ ಪಟ್ಟೆಯ ಮೀನೊಂದು ಕಂಡಿತು. ಮುಂದೆ ಹೋದರೆ ಅಂಥದೇ ಇನ್ನೊಂದು. ಇನ್ನೂ ಮುಂದೆ ಹೋದರೆ ಮತ್ತೊಂದು. ಎಷ್ಟು ಮೀನುಗಳಪ್ಪ ಇಲ್ಲಿ ಎಂದು ಬೆರಗಾಗುವಷ್ಟರಲ್ಲಿ, ನನಗೇನೋ ಆಗಿದೆಯೆಂದು ದೋಣಿಯವನು ಹಗ್ಗ ಎಸೆದ. ನಾನು ನಿಂತಲ್ಲೇ ಗಿರಗಿರ ಸುತ್ತುತ್ತಿದ್ದೆನಂತೆ! ಇಷ್ಟು ವರ್ಷ ಬಾವಿಯ ಗೋಡೆಗುಂಟ ತಿರುಗಿದ ಕೈಕಾಲಿಗೆ ನೆಟ್ಟಗೆ ಹೋಗುವುದೇ ಗೊತ್ತಿರಲಿಲ್ಲ. ದೋಣಿಗೆ ಹತ್ತಿದ ಶಾಂತಾಳ ಮುಖ ಅರಳಿತ್ತು. "ಎಷ್ಟು ದೊಡ್ಡ ಆಮಿ! ನಿಮ್ಮ ಬಾಜೂಕೇ ಇತ್ತಲ್ರೀ, ನೋಡಿದ್ರಿಲ್ಲೋ?" ನಾನು ಉಪ್ಪುನೀರು ಉಗುಳುವ ನೆಪದಲ್ಲಿ ಆಚೆ ತಿರುಗಿದೆ.

ಮರಳಿ ಬಂದಾಗ ಕಮಲಾಪುರದಲ್ಲಿ ಅತ್ತೆಯವರು ಆಮೆಯ ಸುದ್ದಿ ಕೇಳಿಯೇ ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಶಾಂತಾ, "ಇವರು ಆಮಿ ನೋಡಿಲ್ಲವ್ವ. ಆಮಿನೇ ನಿಂತು ಇವರನ್ನ ನೋಡ್ತು" ಎಂದುಬಿಟ್ಟಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾವನವರಿಗೆ ಮಾತ್ರ ತಮ್ಮ ಶಿಷ್ಯನ ಮೇಲೆ ಅಭಿಮಾನ. "ಸಮುದ್ರಕ್ಕ ಗೋಡಿನೇ ಇಲ್ಲಂದ್ರ ಅಳಿಯಾರು ಏನ್ ಮಾಡ್ಬೇಕು?" ಎಂದರು. ಅವರು ನನ್ನ ಪರ ವಹಿಸಿದ್ದಕ್ಕೇ ಹೆಚ್ಚು ನಾಚಿಕೆಯಾಯಿತು.

ಹೋದ ಮಾನ ಮರಳಿ ಪಡೆಯಲೆಂದು ಮರುದಿನ ಬಾವಿಗಿಳಿದೆ. ಅಲ್ಲಿ ನನ್ನನ್ನು ಹಿಡಿಯುವವರಿಲ್ಲ. ನಾಲ್ಕು ಸುತ್ತು ಹೊಡೆದು ಹೆಮ್ಮೆಯಿಂದ ಮೇಲೆ ನೋಡಿದೆ. ಮನೆಮಂದಿಯೆಲ್ಲ ಕಟ್ಟೆಯ ಮೇಲೆ ಸಾಲಾಗಿ ನಿಂತು, ಕೆಂಪು ಬಾಳೆಹಣ್ಣು ಸುಲಿಯುತ್ತ ನನ್ನನ್ನೇ ನೋಡುತ್ತಿದ್ದರು. "ಹಸಿದಿರಬೇಕು, ಒಂದು ಹಣ್ಣು ಒಗೀರಿ" ಎಂದಳು ಶಾಂತಾ.