ಊರಿನ ಕಣ್ಣಿಗೊಂದು ಚೌಕಳಿ ವಸ್ತ್ರ

"ಕಣ್ಣುಬೇನೆ ನಮ್ಮ ಮನೆ ಮೆಟ್ಟಿಲು ಹತ್ತಿದ ದಿನ, ವಿಹಾರದ ಹಬ್ಬದೂಟದ ಅಷ್ಟೂ ತಟ್ಟೆ ನಾನೊಬ್ಬನೇ ತೊಳೀತೀನಿ! ಇದು ಈ ಕಂಪಾನನ ಮಾತು!"

ಬೆಳಗಿನ ಆರು ಗಂಟೆ. ನೋಂಗ್ ಹೊಯ್ ಊರಿನ ನಾಲ್ಕು ಮೂಲೆಯ ಕಂಬಗಳಿಂದ ಧ್ವನಿವರ್ಧಕಗಳು ಈ ಭೀಷ್ಮಪ್ರತಿಜ್ಞೆಯನ್ನು ಒದರಿದವು. ಗೂಡಲ್ಲಿದ್ದ ಕೋಳಿಗಳು ಬೆದರಿ ಕೆಳಗೆ ಹಾರಿದವು. ಊರ ಮುಖ್ಯಸ್ಥ ನೀಕೊಮ್ ಮೈಕು ಕೊಟ್ಟದ್ದು ಎರಡು ನಿಮಿಷಕ್ಕೆ. ಕಂಪಾನ್ ಅದನ್ನು ಬಿಟ್ಟದ್ದು ಇಪ್ಪತ್ತು ನಿಮಿಷದ ಮೇಲೆ. ಪಾಪ, ಅವನನ್ನೂ ಅನ್ನುವಂತಿಲ್ಲ. ಐವತ್ತೆಂಟನೇ ವಯಸ್ಸಿಗೆ ಊರಿನ ಆರೋಗ್ಯ ಸ್ವಯಂಸೇವಕನಾಗಿ, ಬೂದು ಬಣ್ಣದ ಅಂಗಿ ಮತ್ತು ಒಂದು ಟಾರ್ಚು ಕೈಗೆ ಸಿಕ್ಕಿ ಆಗಿನ್ನೂ ನಾಲ್ಕು ದಿನವಾಗಿತ್ತು. ಪಕ್ಕದ ಊರಲ್ಲಿ ಕಣ್ಣುಬೇನೆ ಹಬ್ಬಿ ಶಾಲೆ ಮುಚ್ಚಿದ್ದರು. ಇನ್ನೆರಡು ವಾರಕ್ಕೆ ಊರಿನ ಬೌದ್ಧ ವಿಹಾರದಲ್ಲಿ ಭಿಕ್ಷುಗಳಿಗೆ ಉಡಲು ಹೊಸ ಚೀವರ ಕೊಡುವ ಹಬ್ಬ ಬೇರೆ ಇತ್ತು. ಇಂಥ ಹೊತ್ತಲ್ಲಿ ಊರನ್ನು ಕಾಯಲು ಒಬ್ಬ ಗಂಡಸು ಬೇಡವೇ?

ಅತ್ತ ಮನೆಯಲ್ಲಿ ಹೆಂಡತಿ ಲಮುನ್ ಅಂಟನ್ನದ ಬುಟ್ಟಿಯನ್ನು ಒಲೆಯಿಂದ ಇಳಿಸುತ್ತಿದ್ದಳು.

"ಅಮ್ಮಾ, ನಿನ್ನ ಅಳಿಯ ಹೇಳಿದ್ದು ಕೇಳಿಸ್ತಾ?"

ಎಂಬತ್ತೆರಡರ ಪೆಂಗ್ ಅಜ್ಜಿ ಎಲೆಯಡಿಕೆ ಕುಟ್ಟುತ್ತಲೇ ಅಂದಳು: "ಕೇಳಿಸ್ತು. ಸತ್ತೋರಿಗೂ ಕೇಳಿಸಿರುತ್ತೆ. ಹಬ್ಬಕ್ಕೆ ಎಷ್ಟು ಜನ?"

"ಮುನ್ನೂರು."

"ಹಾಗಾದ್ರೆ ಸೋಪಿನ ಪುಡಿ ಸ್ವಲ್ಪ ಜಾಸ್ತೀನೇ ತರಿಸಿಡು."

ಮನೆ ಅಜ್ಜಿಯದು. ಆ ಸೀಮೆಯ ಎಲ್ಲ ಗಂಡಸರ ಹಾಗೆ ಕಂಪಾನನೂ ಮದುವೆಯಾಗಿ ಹೆಂಡತಿಯ ಮನೆಗೇ ಬಂದವನು. ಮೂವತ್ತೊಂದು ವರ್ಷದಿಂದ ಆ ಮನೆಯಲ್ಲಿ ಅವನ ಮಾತು ನಡೆದದ್ದು ಎಮ್ಮೆಗಳ ಹತ್ತಿರ ಮಾತ್ರ. ಈಗ ಬೂದು ಅಂಗಿ ಬಂತಲ್ಲ, ಕಾನೂನು ಶುರುವಾಯಿತು.

"ಇವತ್ತಿಂದ ಒಂದೇ ಬಟ್ಟಲಿಗೆ ಎಲ್ಲರೂ ಕೈ ಅದ್ದೋದು ಬಂದ್! ಪ್ರತಿ ಬಟ್ಟಲಿಗೂ ಬಡಿಸೋ ಚಮಚ. ಪ್ರತಿಯೊಬ್ಬರಿಗೂ ಬೇರೆ ಬೇರೆ ಅನ್ನದ ಬುಟ್ಟಿ!"

"ಎಂಬತ್ತೆರಡು ವರ್ಷ ಒಂದೇ ಬಟ್ಟಲಲ್ಲಿ ಅದ್ದಿ ತಿಂದಿದ್ದೀನಿ," ಅಂದಳು ಅಜ್ಜಿ. "ನನ್ನ ಜೊತೆ ಅದ್ದಿದವರೆಲ್ಲ ಚೆನ್ನಾಗೇ ಇದಾರೆ."

"ಯಾರಿದಾರೆ ಅತ್ತೆ? ಎಲ್ಲರೂ ಹೋದರಲ್ಲ!"

"ವಯಸ್ಸಾಗಿ ಹೋದರು. ಚಮಚ ಇಲ್ದೆ ಹೋಗಲಿಲ್ಲ."

ಕಂಪಾನ್ ಸೋಲಲಿಲ್ಲ. ನೀರಿನ ಲೋಟಗಳಿಗೆ ಬಣ್ಣಬಣ್ಣದ ರಬ್ಬರ್ ಬ್ಯಾಂಡ್ ಸುತ್ತಿದ. ಮೆಟ್ಟಿಲ ಬುಡದಲ್ಲಿ ಸೋಪು, ಬಕೆಟ್ಟು ಇಟ್ಟು, ಕೈ ತೊಳೆಯದವರಿಗೆ ಪ್ರವೇಶವಿಲ್ಲವೆಂದು ಹಲಗೆ ತೂಗುಹಾಕಿದ. ಇಷ್ಟನ್ನೂ ಮನೆಯವರು ಸಹಿಸಿಕೊಂಡರು. ಸಹಿಸಲಾಗದ್ದು ಕೊನೆಯ ಕಾನೂನು.

"ಹಬ್ಬ ಮುಗಿಯೋವರೆಗೂ ಮಗೂನ ಯಾರೂ ಮೂಸೋ ಹಾಗಿಲ್ಲ!"

ಮಗು ಎಂದರೆ ಮೊಮ್ಮಗಳು ಮೊತ್, ಐದು ವರ್ಷದವಳು. ಅಪ್ಪ ಅಮ್ಮ ಪಟ್ಟಣದ ಕಾರ್ಖಾನೆಯಲ್ಲಿ. ಇವಳು ಇಲ್ಲಿ ಮುತ್ತಜ್ಜಿಯ ಮಡಿಲಲ್ಲಿ. ದಿನಾ ಬೆಳಿಗ್ಗೆ ಅಜ್ಜಿ ಆ ಮಗುವಿನ ಕೆನ್ನೆಗೆ ಮೂಗೊತ್ತಿ ಜೋರಾಗಿ ಉಸಿರೆಳೆದುಕೊಂಡರೇನೇ ಅವಳಿಗೆ ದಿನ ಶುರು. ಅದೇ ಆ ಕಡೆಯ ಮುದ್ದು.

"ಮೂಸಬಾರದಾ?" ಅಜ್ಜಿಯ ಕುಟ್ಟಾಣಿ ನಿಂತಿತು. "ಅಳಿಯಂದಿರೇ, ನನಗೆ ಉಳಿದಿರೋದೇ ಒಂದು ಮೂಗು."

"ರೋಗ ಬರೋದೇ ಮೂಗು, ಕಣ್ಣು, ಕೈಯಿಂದ ಅತ್ತೆ! ತರಬೇತೀಲಿ ಹೇಳಿದಾರೆ."

ಅಜ್ಜಿ ಮುಖ ತಿರುಗಿಸಿ ಕೂತಳು. ಮೊತ್ ತಾತನನ್ನೂ ಮುತ್ತಜ್ಜಿಯನ್ನೂ ನೋಡಿ ತುಟಿ ಉಬ್ಬಿಸಿದಳು. ನಿಜ ಹೇಳಬೇಕೆಂದರೆ ಕಂಪಾನನಿಗೂ ಆ ಕೆನ್ನೆ ಮೂಸುವ ಆಸೆಯಿತ್ತು. ಆದರೆ ಕಾನೂನು ಕಾನೂನೇ. ಸೊಂಟದಿಂದ ಚೌಕಳಿ ವಸ್ತ್ರ ಬಿಚ್ಚಿ ಮಗುವಿನ ಕಣ್ಣು, ಮೂಗು ಒರೆಸಿ, ಅದನ್ನೇ ಮತ್ತೆ ಸೊಂಟಕ್ಕೆ ಬಿಗಿದು, ಟಾರ್ಚು ಹಿಡಿದು ಊರು ಕಾಯಲು ಹೊರಟ.

ಈ ಚೌಕಳಿ ವಸ್ತ್ರದ ವಿಷಯ ಒಂದು ಮಾತು ಹೇಳಿಬಿಡಬೇಕು. ಆ ಸೀಮೆಯ ಗಂಡಸಿಗೆ ಅದು ಬಟ್ಟೆಯಲ್ಲ, ಇನ್ನೊಂದು ಅಂಗ. ಹೊಲದಲ್ಲಿ ತಲೆಗೆ ರುಮಾಲು, ಸ್ನಾನಕ್ಕೆ ಪಂಚೆ, ಸೆಖೆಗೆ ಬೀಸಣಿಗೆ, ಸಂತೆಯಲ್ಲಿ ಚೀಲ, ಮಗುವಿಗೆ ತೊಟ್ಟಿಲು. ಕಂಪಾನನದಂತೂ ಹಿರಿಯ ಭಿಕ್ಷುಗಳು ಮಂತ್ರಜಲ ಚಿಮುಕಿಸಿ ಕೊಟ್ಟದ್ದು. ಅದನ್ನು ಹೆಂಗಸರ ಲುಂಗಿಯ ಜೊತೆ ನೆನೆಸಿದರೆ ಶಕ್ತಿ ಸೋರಿಹೋಗುತ್ತದಂತೆ! ಹಾಗಾಗಿ ಲಮುನಳಿಗೆ ಅದನ್ನು ಮುಟ್ಟುವ ಅಪ್ಪಣೆಯಿರಲಿಲ್ಲ. "ನಾನೇ ಬೇರೆಯಾಗಿ ಒಗ್ಕೋತೀನಿ" ಅಂದಿದ್ದ. ಅಂದದ್ದು ಹೋದ ಭತ್ತದ ಕೊಯ್ಲಿಗೆ.

ಊರಲ್ಲಿ ಅರವತ್ತು ಮನೆ. ಕಂಪಾನ್ ಮೊದಲು ಹೋದದ್ದು ಟ್ರ್ಯಾಕ್ಟರ್ ವೀರನ ಮನೆಗೆ. ವೀರ ಹಿಂದಿನ ದಿನವಷ್ಟೇ ಪಕ್ಕದ ಊರಿಗೆ ಉಳುಮೆಗೆ ಹೋಗಿ ಬಂದಿದ್ದ. ಒಂದು ಕಣ್ಣು ಕುಂಕುಮದ ಹಾಗಿತ್ತು.

"ಕಣ್ಣು ಬಿಡು!" ಕಂಪಾನ್ ಹೆಬ್ಬೆರಳಿಂದ ಅವನ ಕೆಳಗಿನ ರೆಪ್ಪೆ ಎಳೆದ. "ಹಾ! ಸಿಕ್ಕಿಬಿತ್ತು! ಮನೆ ಬಿಟ್ಟು ಅಲ್ಲಾಡಬೇಡ!"

"ನೀರು ಸುರೀತಿದೆ ಕಂಪಾನಣ್ಣ..."

"ಸುರೀಲಿ, ನಾನಿಲ್ವಾ?" ಎಂದು ವಸ್ತ್ರದ ತುದಿಯಿಂದ ಒರೆಸಿದ. ಎಷ್ಟು ಮೆತ್ತಗೆ, ಎಷ್ಟು ಅಕ್ಕರೆಯಿಂದ! ಆಮೇಲೆ ಎರಡನೇ ಮನೆ. ಹೆಬ್ಬೆರಳು, ರೆಪ್ಪೆ, ಟಾರ್ಚು. ಟಾರ್ಚು ಹೊಡೆದರೆ ಯಾರ ಕಣ್ಣಾದರೂ ನೀರಾಡುತ್ತದೆ; ನೀರಾಡಿದರೆ ವಸ್ತ್ರ ಇದ್ದೇ ಇದೆ. ಹೀಗೆ ಮೂರನೇ ಮನೆ, ನಾಲ್ಕನೇ ಮನೆ. ಪ್ರತಿ ಮನೆಯಲ್ಲೂ ಕೈ ತೊಳೆಯುವುದರ ಮೇಲೆ ಹತ್ತು ನಿಮಿಷ ಭಾಷಣ. ಮಾತಾಡಿ ಮಾತಾಡಿ ಅವನಿಗೆ ತನ್ನ ಕೈ ತೊಳೆಯಲು ಪುರುಸೊತ್ತೇ ಆಗಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!

ಇಡೀ ಊರಲ್ಲಿ ಅವನಿಗೆ ಎದುರು ನಿಂತವಳು ಒಬ್ಬಳೇ, ಕೆರೆ ದಂಡೆಯ ಚಂತಾ ಅಜ್ಜಿ. ಅವಳ ಜಗಲಿಯಲ್ಲಿ ಬಾತುಕೋಳಿ, ಅಡುಗೆಮನೆಯಲ್ಲಿ ಹಂದಿಮರಿ. ಮನೆ ಗುಡಿಸಿದ್ದನ್ನು ಕಂಡವರಿಲ್ಲ. ಆದರೂ ಪೊರಕೆ ಮಾತ್ರ ಕೈಯಲ್ಲೇ ಇತ್ತು.

"ಕಣ್ಣು ತೋರಿಸಜ್ಜಿ!"

"ಪೊರಕೆ ತೋರಿಸ್ತೀನಿ, ಬಾ ಹತ್ರ!"

ಕಂಪಾನ್ ಅವಳ ಬೇಲಿಯಿಂದಲೇ ವಾಪಸು ಬಂದ. "ಮೊದಲು ಬೀಳೋದು ಇವಳೇ, ನೋಡ್ತಿರಿ" ಎಂದು ಎಲ್ಲರ ಮುಂದೆ ಭವಿಷ್ಯವನ್ನೂ ಹೇಳಿದ.

ಮೂರು ದಿನ ಕಳೆಯಿತು. ಎರಡನೇ ಮನೆಯಲ್ಲಿ ಇಬ್ಬರ ಕಣ್ಣು ಕೆಂಪಾಯಿತು. ಅದೇ ಸಂಜೆ ಮೂರನೇ ಮನೆ, ಬೆಳಗಾಗುವಷ್ಟರಲ್ಲಿ ಇಡೀ ಬೀದಿ. ಊರ ಗಂಡಸರು, ಹೆಂಗಸರು, ಮುದುಕರು ಎಲ್ಲ ಕಪ್ಪು ಕನ್ನಡಕ ಹಾಕಿಕೊಂಡು ಭತ್ತದ ಗದ್ದೆಗೆ ಸಿನಿಮಾ ನಟರ ಹಾಗೆ ನಡೆದರು. ಕಂಪಾನ್ ಹಗಲೂ ಸಂಜೆಯೂ ದುಡಿದ. ರೋಗ ಹೆಚ್ಚಿದಷ್ಟೂ ತಪಾಸಣೆ ಹೆಚ್ಚಿತು. ತಪಾಸಣೆ ಹೆಚ್ಚಿದಷ್ಟೂ ರೋಗ!

ಐದನೇ ದಿನ ಮೊತ್ ಎದ್ದಾಗ ರೆಪ್ಪೆಗಳು ಅಂಟಿಕೊಂಡಿದ್ದವು. "ತಾತಾ, ಬೆಳಗಾಗೇ ಇಲ್ಲ!" ಎಂದು ಅತ್ತಳು. ಕಂಪಾನ್ ಓಡಿಬಂದ. ಮೊದಲು ಮಗುವಿನ ಕಣ್ಣು ನೆನಪಾಯಿತು, ತಕ್ಷಣವೇ ಮುನ್ನೂರು ತಟ್ಟೆ. ಮಧ್ಯಾಹ್ನ ಲಮುನಳ ಕಣ್ಣು ಕೆಂಪಾಯಿತು, ಸಂಜೆ ಅಜ್ಜಿಯದು.

"ಯಾರು ಚಮಚ ಮರೆತದ್ದು? ಯಾರು ಮಗೂನ ಮೂಸಿದ್ದು? ಅತ್ತೆ, ನಿಜ ಹೇಳಿ!"

"ಮೂಸಿದ್ದರೆ ಸಂತೋಷವಾದ್ರೂ ಆಗ್ತಿತ್ತು," ಅಂದಳು ಅಜ್ಜಿ ಒದ್ದೆ ಕಣ್ಣಲ್ಲಿ. "ಐದು ದಿನದಿಂದ ಮೂಸದೇ ಇದ್ದೀನಿ, ಕಣ್ಣೂ ಹೋಯ್ತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ! ಕಂಪಾನ್ ಅಜ್ಜಿಯ ಎಲೆಯಡಿಕೆ ಪೀಕದಾನಿಯನ್ನು ಹೊರಗೆಸೆದ, ಬೆಕ್ಕನ್ನು ಓಡಿಸಿದ. ಆಮೇಲೆ ತಾನೂ ಒಂದು ಕಪ್ಪು ಕನ್ನಡಕ ಏರಿಸಿದ.

"ನಿಮಗೂ ಬಂತಾ?" ಕೇಳಿದಳು ಲಮುನ್.

"ನನಗಾ? ಇದು ಬಿಸಿಲಿಗೆ!"

"ಮನೆಯೊಳಗೂ ಬಿಸಿಲಾ?"

"ಮಾತು ಬೇಡ. ಮತ್ತೆ, ಕಣ್ಣುಬೇನೆ ಮೆಟ್ಟಿಲು ಹತ್ತಿದ್ರೆ ಅಂದಿದ್ದೆ ನಾನು. ಮೊತ್ ಕೆಳಗೆ ಆಡ್ತಿದ್ದಾಗ ಅಂಟಿರಬೇಕು. ಅದು ತಾನಾಗಿ ಮೆಟ್ಟಿಲು ಹತ್ತಲಿಲ್ಲವಲ್ಲ!"

ಲಮುನ್ ಸೋಪಿನ ಪುಡಿಯ ಎರಡನೇ ಚೀಲವನ್ನು ಮೂಲೆಗೆ ಸರಿಸಿಟ್ಟಳು.

ಎಂಟನೇ ದಿನ ಆರೋಗ್ಯ ಕೇಂದ್ರದ ನರ್ಸ್ ರತನಾ ಬಂದಳು. ವಿಹಾರದ ಮಂಟಪದಲ್ಲಿ ಸಭೆ. ಮುಂದಿನ ಸಾಲಿಂದ ಹಿಂದಿನ ಸಾಲಿನವರೆಗೂ ಕಪ್ಪು ಕನ್ನಡಕ. ಕಂಪಾನ್ ತನ್ನ ಶ್ರಮವನ್ನು ತೋರಿಸಲು ಊರಿನ ನಕ್ಷೆ ಬಿಡಿಸಿ, ಕಣ್ಣುಬೇನೆ ಬಂದ ಮನೆಗಳಿಗೆಲ್ಲ ಕೆಂಪು ಚುಕ್ಕೆಯಿಟ್ಟು, ಯಾವ ದಿನ ಬಂತೆಂದು ಬರೆದು ತಂದಿದ್ದ. ಅಷ್ಟು ಅಚ್ಚುಕಟ್ಟಾದ ನಕ್ಷೆ ಜಿಲ್ಲೆಯಲ್ಲೇ ಇರಲಿಲ್ಲ!

ನರ್ಸ್ ನಕ್ಷೆಯನ್ನು ನೋಡಿದಳು. ತಲೆ ವಾರೆ ಮಾಡಿ ಮತ್ತೆ ನೋಡಿದಳು.

"ಮಾವ, ಇದೇನು ರೋಗ ಒಂದಾದ ಮೇಲೊಂದು ಮನೆಗೆ ಸಾಲಾಗಿ ಹೋಗಿದೆ? ಕೊನೆ ಮನೆಗೆ ಹೋಗಿ, ತಿರುಗಿ, ಆಚೆ ಬೀದೀಲಿ ಬಂದಿದೆ. ಅಂಚೆಯವನ ಹಾಗೆ!"

"ಶಿಸ್ತಿನ ರೋಗ!" ಅಂದ ಕಂಪಾನ್ ಹೆಮ್ಮೆಯಿಂದ.

"ಮತ್ತೆ ಕೆರೆ ದಂಡೇಲಿ ಒಂದು ಮನೆಗೆ ಚುಕ್ಕೆ ಇಲ್ಲ?"

ಹಿಂದಿನ ಸಾಲಿಂದ ಚಂತಾ ಅಜ್ಜಿ ಎದ್ದು ನಿಂತಳು. ಕನ್ನಡಕವಿಲ್ಲ. ಎರಡು ಕಣ್ಣೂ ಮಲ್ಲಿಗೆಯಷ್ಟು ಬೆಳ್ಳಗೆ.

"ನೀವೇನು ಮಾಡಿದಿರಜ್ಜಿ? ಏನಾದರೂ ಔಷಧಿ?"

"ಔಷಧೀನೂ ಇಲ್ಲ, ಗಿವಷಧೀನೂ ಇಲ್ಲ. ಈ ಮನುಷ್ಯನ್ನ ಒಳಗೆ ಬಿಡಲಿಲ್ಲ."

ಮಂಟಪದ ಕಪ್ಪು ಕನ್ನಡಕಗಳೆಲ್ಲ ಒಂದೇ ಕಡೆ ತಿರುಗಿದವು. ಕಂಪಾನನ ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಚೌಕಳಿ ವಸ್ತ್ರ ಬಿಚ್ಚಿಕೊಂಡಿತು. ಹಣೆ ಒರೆಸಿದ, ಕತ್ತು ಒರೆಸಿದ, ಕನ್ನಡಕ ಎತ್ತಿ ಎರಡು ಕಣ್ಣನ್ನೂ ಒರೆಸಿದ. ಆಮೇಲೆ, ಹೆಣ್ಣುಮಗಳು ಮಾತಾಡಬೇಕಲ್ಲ ಎಂಬ ಮರ್ಯಾದೆಯಿಂದ, ಅದೇ ವಸ್ತ್ರದಲ್ಲಿ ಮೈಕನ್ನು ಚೆನ್ನಾಗಿ ಒರೆಸಿ ನರ್ಸಿನ ಬಾಯಿಯ ಹತ್ತಿರ ಹಿಡಿದ.

ನರ್ಸ್ ಎರಡು ಹೆಜ್ಜೆ ಹಿಂದೆ ಸರಿದಳು. ಇಡೀ ಊರು ಒಬ್ಬೊಬ್ಬರಾಗಿ ಕನ್ನಡಕ ತೆಗೆದು ಆ ವಸ್ತ್ರವನ್ನು ನೋಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕಂಪಾನನೂ ಕನ್ನಡಕ ತೆಗೆದು ಅದನ್ನೇ ನೋಡಿದ.

"ಕಂಪಾನಣ್ಣ," ಅಂದ ಟ್ರ್ಯಾಕ್ಟರ್ ವೀರ ನಿಧಾನವಾಗಿ, "ಅವತ್ತು ನನ್ನ ಕಣ್ಣು ಒರೆಸಿದ್ದು ಇದೇ ಅಲ್ವಾ?"

"ನನ್ನದನ್ನೂ!" "ನಮ್ಮತ್ತೇದನ್ನೂ!" "ನನ್ನ ಮೀನು ತೂಗೋ ತಕ್ಕಡೀನೂ!" ಮಂಟಪದ ತುಂಬ ಕೂಗು. ನೀಕೊಮ್ ಮೈಕು ತೆಗೆದುಕೊಳ್ಳಲು ಬಂದವನು, ಅದನ್ನು ಹಿಡಿಯಲು ಹೆದರಿ, ಬಾಯಲ್ಲೇ ಕೂಗಿದ: "ತಟ್ಟೆ! ತಟ್ಟೆ!"

ಆ ಮಧ್ಯಾಹ್ನ ಲಮುನ್ ಇಕ್ಕಳದ ತುದಿಯಲ್ಲಿ ವಸ್ತ್ರವನ್ನು ಹಿಡಿದು ಕುದಿಯುವ ನೀರಿನ ಹಂಡೆಗೆ ಹಾಕಿದಳು. ಜೊತೆಗೆ ಬೇಕೆಂದೇ ತನ್ನ ಎರಡು ಲುಂಗಿ, ಅಮ್ಮನ ಮೂರು ಲುಂಗಿ.

"ಬೇಡ ಕಣೇ!" ಕಂಪಾನ್ ಅಂಗಲಾಚಿದ. "ಮಂತ್ರದ ವಸ್ತ್ರ! ಶಕ್ತಿಯೆಲ್ಲ ಹೋಗುತ್ತೆ!"

"ಅದರ ಶಕ್ತಿ ಅರವತ್ತು ಮನೆ ನೋಡಿದ್ದಾಯ್ತು ಅಳಿಯಂದಿರೇ," ಅಂದಳು ಅಜ್ಜಿ. "ಸ್ವಲ್ಪ ಕಮ್ಮಿಯಾದ್ರೆ ಊರು ಬದುಕುತ್ತೆ."

ಸಂಜೆ ಕಂಪಾನ್ ಹಗ್ಗದ ಮೇಲೆಲ್ಲ ಹುಡುಕಾಡಿದ. "ನನ್ನ ವಸ್ತ್ರ ಎಲ್ಲೇ? ಕಂದು ಬಣ್ಣದ್ದು?"

"ಅದೋ, ಕೆಂಪು ಬಿಳಿ ಚೌಕಳಿ."

"ಅದು ನನ್ನದಲ್ಲ!"

"ನಿಮ್ಮದೇ. ತಗೊಂಡಾಗ ಹಾಗೇ ಇತ್ತು."

ಹಬ್ಬದ ಹೊತ್ತಿಗೆ ಊರಿನ ಕಣ್ಣುಗಳೆಲ್ಲ ಬೆಳ್ಳಗಾಗಿದ್ದವು. ಚೀವರದ ಮೆರವಣಿಗೆ ಮುಗಿಯಿತು, ಭಿಕ್ಷುಗಳ ಊಟವಾಯಿತು, ಊರಿನ ಊಟವೂ ಆಯಿತು. ಮುನ್ನೂರು ತಟ್ಟೆಗಳು, ಅವುಗಳ ದುಪ್ಪಟ್ಟು ಬಟ್ಟಲುಗಳು ವಿಹಾರದ ಹಿಂದಿನ ತೊಟ್ಟಿಗಳಲ್ಲಿ ಬೆಟ್ಟವಾಗಿ ನಿಂತವು. ಮೀಸೆ ಬಂದ ಗಂಡಸು ಆ ತೊಟ್ಟಿಯ ಹತ್ತಿರ ಸುಳಿದದ್ದೇ ಇಲ್ಲವಾದ್ದರಿಂದ, ಊರ ಹೆಂಗಸರು ಸುತ್ತಲೂ ಚಾಪೆ ಹಾಸಿ, ಎಲೆಯಡಿಕೆ ಹಾಕಿಕೊಂಡು ನೋಡಲು ಕೂತರು.

"ಅಂಚು, ಅಂಚು! ಅಂಚಲ್ಲಿ ಸಾರು ಹಾಗೇ ಇದೆ!" ಎಂದಳು ಚಂತಾ ಅಜ್ಜಿ. ಅದನ್ನು ಅವಳಿಂದ ಕೇಳಬೇಕು! ಹಂದಿಮರಿ ಸಾಕುವವಳಿಂದ! ಕಂಪಾನ್ ಅಂಚನ್ನೂ ಉಜ್ಜಿದ. ಮೊಣಕೈವರೆಗೂ ನೊರೆ. ಮೂರು ಗಂಟೆ ಹೊತ್ತಿಗೆ ಬೆರಳೆಲ್ಲ ಒಣದ್ರಾಕ್ಷಿಯಂತೆ ಸುಕ್ಕಾಗಿದ್ದವು. ಬೆವರು ಕಣ್ಣಿಗಿಳಿದಾಗ ಕೈ ಸೊಂಟಕ್ಕೆ ಹೋಗಿ, ಏನೂ ಸಿಗದೆ, ಸುಮ್ಮನೆ ವಾಪಸು ಬಂತು.

ಕೊನೆಯ ತಟ್ಟೆ ಕವುಚಿದಾಗ ಅವನು ಅಲ್ಲೇ ಕುಸಿದು ಕೂತ. ಪೆಂಗ್ ಅಜ್ಜಿಯ ಮಡಿಲಿನಿಂದ ಮೊತ್ ಎದ್ದು ಓಡಿಬಂದಳು. ಎರಡು ವಾರದ ಮೇಲೆ ಅಂದು ಬೆಳಿಗ್ಗೆ ತಾನೇ ಮುತ್ತಜ್ಜಿಯಿಂದ ಮನಸಾರೆ ಮೂಸಿಸಿಕೊಂಡಿದ್ದಳು. ಈಗ ತಾತನ ಕೊರಳು ತಬ್ಬಿ, ಅವನ ಕೆನ್ನೆಗೆ ಮೂಗೊತ್ತಿ ಜೋರಾಗಿ ಉಸಿರೆಳೆದಳು. ಕಂಪಾನನ ಕಣ್ಣು ನಿಜವಾಗಿಯೂ ಒದ್ದೆಯಾಯಿತು.

"ತಾತಾ, ನಿನ್ನ ಹತ್ರ ಇವತ್ತು ಬರೀ ಸೋಪಿನ ವಾಸನೆ!"

"ಹೌದಾ ಕಂದ? ಮೊದಲು ಯಾವ ವಾಸನೆ ಇರ್ತಿತ್ತು?"

ಮೊತ್ ಒಂದು ಕ್ಷಣ ಯೋಚಿಸಿದಳು.

"ಇಡೀ ಊರಿಂದು."