ಎಂ.ಎ. ತತ್ವಶಾಸ್ತ್ರ, ಕೇರಾಫ್ ಮುಳ್ಳೂರು

ಬೇರೆ ವಿಷಯ ಓದುವವರಿಗೆ ಪರೀಕ್ಷೆ ಸೆಮಿಸ್ಟರಿಗೊಂದು. ತತ್ವಶಾಸ್ತ್ರ ಓದುವ ನನಗೆ ಕೊಳ್ಳೇಗಾಲದಲ್ಲಿ ಬಸ್ಸಿಳಿದು ನಮ್ಮೂರು ಮುಳ್ಳೂರು ಸೇರುವಷ್ಟರಲ್ಲೇ, ದಾರಿಯಲ್ಲಿ ಸಿಕ್ಕವರ ಪ್ರಶ್ನೆಗಳಿಂದಲೇ ಒಂದು ಮುಗಿದಿರುತ್ತದೆ. ಮೈಸೂರಿನ ಹಾಸ್ಟೆಲಿನಿಂದ ರಜೆಗೆ ಬಂದಾಗಲೆಲ್ಲ ಇದೇ ಗೋಳು. ಎಂ.ಎ. ಒಂದು ವರ್ಷ ಮುಗಿದಿದೆ, ಇನ್ನೊಂದು ಬಾಕಿ. ಅದನ್ನು ಮುಗಿಸಿಯೇ ಮದುವೆ ಎಂದು ನಾನು. ಮದುವೆ ಮುಗಿಸಿದರೆ ಓದು ತಾನಾಗೇ ಮುಗಿಯುತ್ತದೆ ಎಂದು ಮಿಕ್ಕವರು. ಈ ಹಗ್ಗಜಗ್ಗಾಟದಲ್ಲಿ ನಡೆದದ್ದನ್ನು ಹೇಳಿಯಾದರೂ ಮನಸ್ಸು ಹಗುರ ಮಾಡಿಕೊಳ್ಳುತ್ತೇನೆ.

೧. ಸುಮ್ಮನೆ ಕೂತದ್ದು

ಒಂದು ಮಧ್ಯಾಹ್ನ ಜಗುಲಿಯ ಕಂಬಕ್ಕೆ ಒರಗಿ, ಪುಸ್ತಕ ಮುಚ್ಚಿಟ್ಟು, ಓದಿದ್ದನ್ನು ಯೋಚಿಸುತ್ತಾ ಕೂತಿದ್ದೆ. ನಮ್ಮಲ್ಲಿ ಹೆಣ್ಣುಮಗಳು ಕೈಯಲ್ಲಿ ಕೆಲಸವಿಲ್ಲದೆ, ಬಾಯಲ್ಲಿ ಮಾತಿಲ್ಲದೆ ಕೂತರೆ ಒಂದೋ ಜ್ವರ, ಇಲ್ಲವೇ ದೃಷ್ಟಿ. ಅಜ್ಜಿ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲ. ತಕ್ಷಣ ಉಪ್ಪು, ಒಣಮೆಣಸಿನಕಾಯಿ ತಂದು ನನಗೆ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಇಡೀ ಮನೆ ಕೆಮ್ಮತೊಡಗಿತು.

"ಅಜ್ಜೀ, ನನಗೆ ದೃಷ್ಟಿ ಆಗಿಲ್ಲ. ಯೋಚ್ನೆ ಮಾಡ್ತಾ ಇದ್ದೆ!"

"ಊಂ ಕಣವ್ವ, ಅದು ಓಗ್ಲಿ ಅಂತ್ಲೇ ತೆಗ್ದಿದ್ದು."

೨. ಆಡಿನ ಉದ್ದೇಶ

ಪಕ್ಕದ ಮನೆಯವರ ಆಡು ಎದುರು ಮನೆಯವರ ಹಿಪ್ಪುನೇರಳೆ ತೋಟಕ್ಕೆ ನುಗ್ಗಿ ಸೊಪ್ಪು ಮೇಯ್ದುಬಿಟ್ಟಿತು. ರೇಷ್ಮೆಹುಳುವಿಗೆ ಏನು ಹಾಕಲಿ ಎಂದು ತೋಟದವರು ಬೀದಿಯಲ್ಲಿ ನಿಂತು ಕೂಗಾಡಿದರು. "ಈ ಮಗು ದೊಡ್ ಓದು ಓದ್ತಾವ್ಳೆ, ಇವ್ಳೇ ನ್ಯಾಯ ಯೋಳ್ಲಿ" ಎಂದು ಯಾರೋ ನನ್ನನ್ನು ಎಳೆತಂದರು. ಆ ಸೆಮಿಸ್ಟರಿನಲ್ಲಿ ನೀತಿಶಾಸ್ತ್ರವಿತ್ತು. ನಾಲಿಗೆ ಸುಮ್ಮನಿರಬೇಕಲ್ಲ!

"ತಪ್ಪು ಅನ್ನಬೇಕಾದ್ರೆ ಉದ್ದೇಶ ಇರಬೇಕು. ಆಡಿಗೆ ಉದ್ದೇಶ ಇರಲ್ಲ..." ಎಂದು ಶುರು ಮಾಡಿದೆ. ಕಟ್ಟಿಹಾಕದವರ ಹೊಣೆ ಎಂಬ ಮುಂದಿನ ಮಾತನ್ನು ಹೇಳಲು ಯಾರೂ ಬಿಡಲಿಲ್ಲ.

"ಕೇಳುದ್ರಾ? ನಮ್ಮಾಡ್ದು ತಪ್ಪಿಲ್ವಂತೆ!" ಎಂದು ಆಡಿನವರು ಬೀಗಿದರು.

"ಆಗ್ಲಿ ಬುಡು, ನಾಳೆ ನಮ್ಮೆತ್ತೂ ಉದ್ದೇಸ ಇಲ್ದೇನೆ ನಿಮ್ ರಾಗಿಗೆ ಬತ್ತದೆ" ಎಂದರು ತೋಟದವರು.

ಸಂಜೆಗೆ ಎರಡೂ ಮನೆಯವರು ರಾಜಿಯಾದರು. ಇಬ್ಬರೂ ಒಟ್ಟಿಗೇ ಬಂದು ನಮ್ಮಮ್ಮನಿಗೆ ಹೇಳಿದರು: "ಆ ಮಗೀಗೆ ಬೇಗ ಒಂದ್ ಮದ್ವೆ ಮಾಡ್ಬುಡಿ ಕಣವ್ವ."

೩. ಇದ್ದೇನೋ ಇಲ್ಲವೋ

ಹನೂರಿನ ಸೋದರಮಾವನಿಗೆ ಅಷ್ಟೇ ಸಾಕಾಯಿತು. ಮುಂದಿನ ಭಾನುವಾರ ಯಳಂದೂರಿನಿಂದ ಗಂಡಿನ ಕಡೆಯವರನ್ನು ಕರೆದುಕೊಂಡೇ ಬಂದ. ಗಂಡಿನ ತಾಯಿ ಉಪ್ಪಿಟ್ಟು ತಿನ್ನುತ್ತಾ, "ಅಲ್ಲಿ ಏನವ್ವ ಪಾಠ ಮಾಡಾರು?" ಎಂದು ಕೇಳಿದರು.

ಹೆದರಿ ಎದ್ದುಹೋಗಲಿ ಎಂದು ನಾನು, "ನಾವು ನಿಜವಾಗ್ಲೂ ಇದ್ದೀವಾ ಇಲ್ವಾ, ಇದ್ರೆ ಅದು ಹೆಂಗೆ ಗೊತ್ತಾಗುತ್ತೆ ಅಂತ ಪಾಠ" ಎಂದೆ.

ಆಯಮ್ಮ ಜಗ್ಗಲಿಲ್ಲ. "ಬೆಳಿಗ್ಗೆ ಕೋಳಿ ಕೂಗೊತ್ಗೆ ಎದ್ದು ನಮ್ಮಟ್ಟಿ ಕಸ ಗುಡ್ಸವ್ವ, ಚೆಂದಾಗ್ ಗೊತ್ತಾಯ್ತದೆ" ಎಂದರು. ಹೋಗುವಾಗ, "ಹುಡ್ಗಿ ಒಪ್ಗೆ. ಓದು ಇಲ್ಗೇ ಸಾಕು" ಎಂದು ಮಾವನಿಗೆ ಹೇಳಿ ಹೋದರು.

೪. ಮಾರವ್ವನ ಹೂವು

ನಾನು ಅತ್ತೆ, ಕೂಗಾಡಿದೆ, ಊಟ ಬಿಟ್ಟೆ. ಅಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೊರಟರು. ಕೊನೆಗೆ ಅಮ್ಮ, "ಮಾರವ್ವನ್ನೇ ಹೂ ಕೇಳ್ಬುಡನ" ಎಂದಳು. ಮೂರ್ತಿಯ ಮೇಲೆ ಒದ್ದೆ ಹೂವು ಅಂಟಿಸಿ ಪ್ರಶ್ನೆ ಕೇಳುವುದು. ದೇವಿಯ ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ.

ತರ್ಕಶಾಸ್ತ್ರದಲ್ಲಿ ತರಗತಿಗೇ ಮೊದಲು ಬಂದವಳ ಬದುಕು ಒಂದು ಸೇವಂತಿಗೆಯ ಕೈಯಲ್ಲಿ! ಮೈ ಉರಿದುಹೋಯಿತು. ಆದರೂ ನಿಜ ಹೇಳಬೇಕು, ಆ ದಿನ ಗುಡಿಯಲ್ಲಿ ನನ್ನಷ್ಟು ಭಕ್ತಿಯಿಂದ ಮಾರವ್ವನ ಎಡಗಡೆ ನೋಡುತ್ತಿದ್ದವರು ಇನ್ನೊಬ್ಬರಿರಲಿಲ್ಲ.

"ಓದು ಬುಡ್ಸಿ ಮದ್ವೆ ಮಾಡ್ಬುಡಕಾ ತಾಯಿ?" ಎಂದು ಪೂಜಾರಪ್ಪ ಕೇಳಿದ.

ಹೂವು ಅಲುಗಲಿಲ್ಲ. ಮತ್ತೆ ಕೇಳಿದ. ಅಲುಗಲಿಲ್ಲ. ಅಜ್ಜಿ ಗಲ್ಲ ಬಡಿದುಕೊಂಡಳು. ಅಮ್ಮ ಹರಕೆ ಹೊತ್ತಳು. ಮಾವ ಮೆಲ್ಲಗೆ ಎದ್ದು ಗೋಡೆಯ ಫ್ಯಾನು ಹಾಕಿ, ಅದರ ಮೂತಿಯನ್ನು ಹೂವಿನ ಕಡೆ ತಿರುಗಿಸಿದ.

"ಆರ್ಸಯ್ಯಾ ಅದಾ! ಮಾರವ್ವಂಗೇ ಗಾಳಿ ಬುಟ್ಟು ಉತ್ರ ಯೋಳಿಸ್ಬೇಕು ಅಂತಿದ್ದೀಯಾ?" ಎಂದು ಪೂಜಾರಪ್ಪ ಗದರಿದ. ಮಾವ ಫ್ಯಾನು ಆರಿಸಿ ಕೂತ.

ಊದುಬತ್ತಿ ಮುಗಿಯಿತು. ಹೂವು ಮಾತ್ರ ಮಾರವ್ವನ ನೆತ್ತಿಯ ನಟ್ಟನಡುವೆ ಹಾಗೇ ಕೂತಿತ್ತು.

ಆಗ ಅಪ್ಪ ಟವೆಲು ಕೊಡವಿ ಎದ್ದು, ಮಾರವ್ವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಮಾರವ್ವನೂ ನಿನ್ ಸಬ್ಜೆಕ್ಟೇ ಓದ್ಕಂಡವ್ಳೆ ಅಂತ ಕಾಣ್ತದೆ ಕಣವ್ವ. ಏನ್ ಕೇಳುದ್ರೂ ಇಂಗೇ ಅಂತ ಒಂದ್ ಮಾತು ಯೋಳಕ್ಕಿಲ್ಲ. ನಡಿ, ಬಸ್ ಅತ್ತುಸ್ತೀನಿ. ನೀನು ಓದು ಮುಗ್ಸು, ಅಲ್ಲೀಗಂಟ ಆಯಮ್ಮ ಯೋಚ್ನೆ ಮಾಡ್ಲಿ."